ಮೊದಲು ಪ್ಯಾದಿ, ಆಮೇಲೆ ಕುದುರೆ

ಚೆಸ್ಸಿನಲ್ಲಿ ಗದ್ದಲವಿಲ್ಲ, ತಕರಾರಿಲ್ಲ ಎಂದು ಯಾರೋ ಹೇಳಿದ್ದನ್ನು ನಂಬಿ ಈ ಆಟಕ್ಕೆ ಬಿದ್ದವಳು ನಾನು. ಆದರೆ ನಾನು ಬೋರ್ಡು ಬಿಚ್ಚಿದ ಕಡೆಯೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ನನ್ನ ಊರು ಶಹಾಪುರ, ಕೆಲಸ ಸುರಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುವುದು. ಇಲ್ಲಿ ಹೇಳುವುದಕ್ಕೆಲ್ಲ ಕಾರಣರಾದವರು ನಮ್ಮ ಶಾಲೆಯ ಗುಮಾಸ್ತರು. ಒಳ್ಳೆಯ ಮನುಷ್ಯ. ನಕ್ಕೆನೆಂದರೆ ಅದು ಅವರ ಎದುರಿಗೇ ನಕ್ಕದ್ದು.

೧. ಒಂದೇ ತಾಟಿನಲ್ಲಿ

ನಾನು ಶಾಲೆಗೆ ಬಂದ ಹೊಸತು. ಊಟದ ಬಿಡುವಿನಲ್ಲಿ ಗುಮಾಸ್ತರು ಬಂದು, "ಅಕ್ಕೋರ, ನೀವು ಶತರಂಜ್ ಆಡ್ತೀರಂತಲ್ಲ, ಒಂದ್ ಕೈ ನೋಡೂಣೇನ್ರಿ?" ಎಂದರು. ಬಿಳಿ ನನಗೆ ಕೊಟ್ಟು ಕಪ್ಪು ತಾವಿಟ್ಟುಕೊಂಡರು. ನಾನು ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದಿಟ್ಟು ಕೈ ತೆಗೆದೆ. ಅವರು ಎರಡು ಕಾಲಾಳು, ಎರಡು ಕುದುರೆ ಪಟಪಟನೆ ಹೊರಗಿಟ್ಟು, "ಹಾಂ, ನಿಮ್ದು ಇನ್ನ ಮೂರು ಬಾಕಿ ಅದಾವ್ರಿ" ಎಂದರು.

ಅವರ ಮನೆಯ ಹಳೇ ಪದ್ಧತಿ ಅದು. ಶುರುವಿಗೆ ಒಬ್ಬೊಬ್ಬರು ನಾಲ್ಕು ನಡೆ ಒಟ್ಟಿಗೇ ನಡೆಸುವುದು, ಆಮೇಲೆ ಒಂದೊಂದು. ಕಾಲಾಳಿಗೆ ಅವರು ಪ್ಯಾದಿ ಎನ್ನುತ್ತಾರೆ, ರಾಣಿಗೆ ವಜೀರ. ಯಾವುದು ಮೊದಲು, ಯಾವುದು ಆಮೇಲೆ ಎಂಬ ತಲೆನೋವೇ ಅವರ ಅಜ್ಜನ ಕಾಲದಿಂದ ಆ ಮನೆಯಲ್ಲಿ ಇರಲಿಲ್ಲ.

"ಸರ, ಒಂದೊಂದೇ ನಡಸಬೇಕ್ರಿ" ಎಂದೆ.

"ಮನಿಗೆ ಬಂದವರಿಗೆ ಮೊದಲ ನೀರು ಕೊಟ್ಟು, ಅವರೇನಂತಾರ ನೋಡಿ, ಆಮ್ಯಾಲ ಚಹಾ ಇಡ್ತಾರೇನ್ರಿ ಅಕ್ಕೋರ? ಎಲ್ಲಾ ಒಂದೇ ತಾಟಿನ್ಯಾಗ ತರ್ತಾರ."

ಉಳಿದ ಮೂರೂ ನಡೆಸಿದೆ. ಸೋತೆ ಕೂಡ.

೨. ತಿರುಗಿ ಬರುವ ಬುತ್ತಿ

ಇಷ್ಟು ಚೆನ್ನಾಗಿ ಆಡುವವರು ಯಾದಗಿರಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ನೌಕರರ ಕ್ರೀಡಾಕೂಟದಲ್ಲಿ ಮಾತ್ರ ಹನ್ನೊಂದು ವರ್ಷದಿಂದ ಮೊದಲ ಸುತ್ತು ದಾಟಿರಲಿಲ್ಲ. ಚೀಟಿ ಎತ್ತಿದರೆ ಪ್ರತಿಸಲ ಕಪ್ಪು. ಕಪ್ಪು ಬಂದರೆ ಪ್ರತಿಸಲ ಮೊದಲ ನಡೆ ಕುದುರೆ. ಎದುರಿನವರ ಪ್ಯಾದಿ ಬಂದು ಆ ಕುದುರೆಯನ್ನು ಅಟ್ಟುತ್ತದೆ, ಇನ್ನೊಂದು ಪ್ಯಾದಿ ಬಂದು ಮತ್ತೆ ಅಟ್ಟುತ್ತದೆ. ಬೇರೆಯವರ ಪಡೆಯೆಲ್ಲ ಹೊರಬೀಳುವಷ್ಟರಲ್ಲಿ ಇವರದು ಒಂದೇ ಕುದುರೆ ಊರೆಲ್ಲ ಸುತ್ತಿ ದಣಿದಿರುತ್ತದೆ.

ಅವರ ಮನೆಯಾಕೆ ಪ್ರತಿವರ್ಷ ಬುತ್ತಿ ಕಟ್ಟಿ ಕೊಡುತ್ತಾರೆ: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ಮೊದಲ ಸುತ್ತು ಗೆದ್ದವರು ಮಧ್ಯಾಹ್ನ ಅಲ್ಲೇ ಉಂಡು ಎರಡನೆಯದಕ್ಕೆ ಕೂರುತ್ತಾರೆ. ಗುಮಾಸ್ತರು ಬುತ್ತಿ ಬಿಚ್ಚದೆ ವಾಪಸ್ ಬಸ್ ಹತ್ತುತ್ತಾರೆ.

"ಹಸಿವಿ ಆಗಂಗಿಲ್ಲೇನ್ರಿ?" ಎಂದು ಕೇಳಿದೆ.

"ಆಗ್ತದ್ರಿ. ಆದ್ರ ಸೋತು ಅಲ್ಲೇ ಕುಂತು ಹೆಂಗ ಉಣ್ಣೂದು? ಗೆದ್ದ ದಿವಸ ಯಾದಗಿರಿಯೊಳಗ ಬುತ್ತಿ ಬಿಚ್ಚಬೇಕು ಅಂತ ಮಾಡೀನಿ." ಆಮೇಲೆ ಹೇಳಿದರು, "ಈ ವರ್ಷ ರಿಟೈರ್ ಆಗ್ತೀನ್ರಿ. ಇದೇ ಕಡೀದು."

ಅವತ್ತಿನಿಂದ ದಿನಾ ಸಂಜೆ ಒಂದೇ ಪಾಠ. ಕಪ್ಪು ಬಂದರೆ ಮೊದಲು ವಜೀರನ ಮುಂದಿನ ಪ್ಯಾದಿ ಒಂದು ಮನೆ. ಅದು ಕಾವಲಿಗೆ ನಿಂತ ಮೇಲೆ ಕುದುರೆ. ಅವರು ಜಪದ ಹಾಗೆ ಕಲಿತರು. ಶಾಲೆಯಲ್ಲಿ ಒಮ್ಮೆಯೂ ತಪ್ಪಲಿಲ್ಲ. ಹಾಗಾದರೆ ಯಾದಗಿರಿಯಲ್ಲಿ ಏಕೆ ತಪ್ಪುತ್ತಾರೆ ಎಂಬುದು ಮಾತ್ರ ತಿಳಿಯಲಿಲ್ಲ.

೩. ಸೊಟ್ಟ ಕುದುರೆ

ತಿಳಿದದ್ದು ಆಕಸ್ಮಿಕವಾಗಿ. ದಿನಾ ಬೋರ್ಡು ಜೋಡಿಸುತ್ತಿದ್ದವರು ಅವರೇ. ಒಂದು ದಿನ ಅವರಿಗೆ ಕೆಲಸ ಹೆಚ್ಚಿತ್ತೆಂದು ನಾನೇ ಅವಸರದಲ್ಲಿ ಜೋಡಿಸಿದೆ. ನಾನು ಬಿಳಿ ನಡೆಸಿದೆನೋ ಇಲ್ಲವೋ, ಅವರ ಕೈ ಸೀದಾ ಕುದುರೆಗೆ ಹೋಯಿತು. ಅದರ ಮುಖವನ್ನು ನನ್ನ ಕಡೆ ನೆಟ್ಟಗೆ ತಿರುಗಿಸಿ, ನಿಟ್ಟುಸಿರುಬಿಟ್ಟು, ಅದನ್ನೇ ಎತ್ತಿ ಮುಂದಿಟ್ಟರು.

"ಸರ, ಪ್ಯಾದಿ ಮೊದಲಲ್ರಿ?"

"ಮುಟ್ಟಿದ್ದನ್ನ ನಡಸಬೇಕಲ್ರಿ, ಯಾದಗಿರಿಯೊಳಗ ಹಂಗ ನಿಯಮ ಅದ."

"ಹಂಗಾದ್ರ ಮುಟ್ಟೂದ್ಯಾಕ್ರಿ?"

"ಸೊಟ್ಟ ನಿಂತಿತ್ತಲ್ರಿ ಅಕ್ಕೋರ."

ಹನ್ನೊಂದು ವರ್ಷ ಮನುಷ್ಯ ಸೋತದ್ದು ಇದಕ್ಕೆ. ಯಾದಗಿರಿಯಲ್ಲಿ ಬೋರ್ಡು ಜೋಡಿಸುವವರು ಬೇರೆಯವರು, ಕುದುರೆಗಳು ಕಂಡಕಂಡ ಕಡೆ ಮುಖ ಮಾಡಿರುತ್ತವೆ. ಕಚೇರಿಯ ಫೈಲು ಒಂದು ಬೆರಳಷ್ಟು ಓರೆಯಾದರೂ ಎದ್ದು ಹೋಗಿ ಸರಿಮಾಡುವ ಕೈ ಅಲ್ಲಿ ಸುಮ್ಮನಿರುವುದು ಹೇಗೆ?

೪. ರೊಟ್ಟಿಯ ತಕರಾರು

ನಿಯಮದ ಪುಸ್ತಕ ತೆಗೆದು ನೋಡಿದೆ. ದಾರಿಯಿತ್ತು. ತನ್ನ ಸರದಿಯಲ್ಲಿ ಮೊದಲೇ ಬಾಯಿಬಿಟ್ಟು "ಸರಿ ಮಾಡ್ತೀನಿ" ಎಂದು ಹೇಳಿ ಮುಟ್ಟಿದರೆ ನಡೆಸಬೇಕಾಗಿಲ್ಲ. ಹಾಗಾಗಿ ಪಾಠ ಬದಲಾಯಿತು. ಮೊದಲು ಬಾಯಿ, ಆಮೇಲೆ ಕೈ. ಮೊದಲು ಪ್ಯಾದಿ, ಆಮೇಲೆ ಕುದುರೆ.

ವಾರದೊಳಗೆ ಅವರ ಮನೆಯಾಕೆ ನನ್ನನ್ನು ತರಕಾರಿ ಬಜಾರಿನಲ್ಲಿ ಹಿಡಿದರು. "ಅಕ್ಕೋರ, ಏನ್ ಕಲಸೀರಿ ಇವರಿಗೆ? ಚಪ್ಪಲಿ ಮುಟ್ಟಬೇಕಾದ್ರ ಸರಿ ಮಾಡ್ತೀನ್ರಿ, ಲೋಟ ಮುಟ್ಟಬೇಕಾದ್ರ ಸರಿ ಮಾಡ್ತೀನ್ರಿ. ಅದಿರ್ಲಿ. ನಿನ್ನಿ ತಾಟಿನ್ಯಾಗಿನ ರೊಟ್ಟಿ ಮುಟ್ಟೂಕೂ ಹಂಗ ಅಂದ್ರು. ಮೂವತ್ತು ವರ್ಷ ಬಡದೀನಿ, ನನ್ನ ರೊಟ್ಟಿಗೆ ಏನ್ ಆಗ್ಯಾದ್ರಿ?"

೫. ಯಾದಗಿರಿ

ಕ್ರೀಡಾಕೂಟದ ದಿನ ನಾನೂ ಜೊತೆಗೆ ಹೋದೆ. ಚೀಟಿ ಎತ್ತಿದರು, ಕಪ್ಪು. ಎದುರಿಗೆ ಕೂತವರು ಯಾವುದೋ ಇಲಾಖೆಯ ಇಂಜಿನಿಯರು, ಇಸ್ತ್ರಿ ಮುರಿಯದ ಅಂಗಿ, ಮೂಗಿನ ಮೇಲೆ ಸಿಟ್ಟು. ಅವರು ರಾಜನ ಪ್ಯಾದಿ ಎರಡು ಮನೆ ನಡೆಸಿದರು.

ಗುಮಾಸ್ತರು, "ಸರಿ ಮಾಡ್ತೀನ್ರಿ" ಎಂದು ತಮ್ಮ ಎರಡೂ ಕುದುರೆ ನೆಟ್ಟಗೆ ಮಾಡಿದರು. ಆಮೇಲೆ, "ನಿಮ್ಮವೂ ಸರಿ ಮಾಡ್ತೀನ್ರಿ, ಸೊಟ್ಟ ಅದಾವ" ಎಂದು ಇಂಜಿನಿಯರ ಕುದುರೆಗಳನ್ನೂ ತಿರುಗಿಸಿದರು. ಆಮೇಲೆ ವಜೀರನ ಪ್ಯಾದಿ, ಒಂದು ಮನೆ. ನಾನು ಗೋಡೆಗೆ ಒರಗಿಕೊಂಡೆ.

ಇಂಜಿನಿಯರು ಕುದುರೆ ನಡೆಸಿದಾಗಲೆಲ್ಲ ಅದು ಓರೆಯಾಗಿ ಕೂರುವುದು, ತಮ್ಮ ಸರದಿ ಬಂದಾಗಲೆಲ್ಲ ಇವರು ಹೇಳಿ ನೆಟ್ಟಗೆ ಮಾಡುವುದು, ಹೀಗೇ ಎರಡು ತಾಸು ನಡೆಯಿತು. ಅಂಪೈರು ಪುಸ್ತಕ ನೋಡಿ, ತಪ್ಪಿಲ್ಲ ಎಂದರು. ಕೊನೆಗೊಮ್ಮೆ ಗುಮಾಸ್ತರು ಇಂಜಿನಿಯರ ಕುದುರೆಯನ್ನು ನೆಟ್ಟಗೆ ಮಾಡಿ, ತಮ್ಮ ಒಂಟೆಯನ್ನು ತಂದು ಅವರ ವಜೀರನಿಗೆ ಗುರಿಯಿಟ್ಟರು. ಇಂಜಿನಿಯರಿಗೆ ವಜೀರ ಕಾಣಲಿಲ್ಲ, ನೆಟ್ಟಗಾದ ಕುದುರೆ ಕಂಡಿತು. "ನನ್ನ ಕುದುರೆ ಹೇಗಾದರೂ ನಿಂತಿರಲಿ, ನಿಮಗೇನ್ರಿ?" ಎಂದು ಸಿಟ್ಟಿನಿಂದ ಅದನ್ನು ಮತ್ತೆ ಸೊಟ್ಟ ತಿರುಗಿಸಿದರು.

ಅಂಪೈರು ಮೆಲ್ಲಗೆ ಹೇಳಿದರು, "ಸಾಹೇಬ್ರ, ಹೇಳದ ಮುಟ್ಟೀರಿ. ಕುದುರಿನೇ ನಡಸಬೇಕು."

ವಜೀರ ಹೋಯಿತು. ಗುಮಾಸ್ತರಿಗೆ ಪಾಪ ಎನಿಸಿತು. "ಬ್ಯಾಸರ ಮಾಡ್ಕೋಬ್ಯಾಡ್ರಿ ಸಾಹೇಬ್ರ. ಹನ್ನೊಂದು ವರ್ಷ ನಾನೂ ಇದಕ್ಕ ಸೋತೀನಿ" ಎಂದರು. ಇಂಜಿನಿಯರು ಹಟಕ್ಕೆ ಬಿದ್ದು ಮತ್ತೊಂದು ತಾಸು ಆಡಿದರು, ಕೊನೆಗೆ ಸೋತರು.

೬. ಶಹಾಪುರದ ಸ್ಟ್ಯಾಂಡು

ಅಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಎರಡನೇ ಸುತ್ತಿಗೆ ಕೂಗಿದರು, ಗುಮಾಸ್ತರು ಓಡಿದರು. ಗೆದ್ದ ಖುಷಿಯಲ್ಲಿ ಹೇಳುವುದನ್ನು ಮರೆತು ಕುದುರೆ ಮುಟ್ಟಿ, ಅರ್ಧ ತಾಸಿನಲ್ಲಿ ಸೋತು ಬಂದರು. ಅದು ಅವರಿಗೆ ಲೆಕ್ಕಕ್ಕೇ ಇರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು, ಬುತ್ತಿ ಬಿಚ್ಚದೆಯೇ ಓಡಿ ಬಸ್ ಹಿಡಿದೆವು.

ಶಹಾಪುರ ಬರುವ ಹೊತ್ತಿಗೆ ಅವರ ಮುಖ ಸಣ್ಣಗಾಯಿತು. "ಅಕ್ಕೋರ, ಬುತ್ತಿ ಹಂಗ ಉಳದದ. ತುಂಬಿದ ಬುತ್ತಿ ನೋಡಿ ಆಕಿ ಈ ಸಲನೂ ಸೋತ್ರು ಅಂತಾಳ. ಗೆದ್ದೀನಂದ್ರ ನಂಬಂಗಿಲ್ಲ." ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತು. ಹತ್ತು ನಿಮಿಷ ಎಂದ ಕಂಡಕ್ಟರ್. ಗುಮಾಸ್ತರು ಎದ್ದು ನಿಂತು, "ಮೊದಲ ಬುತ್ತಿ, ಆಮ್ಯಾಲ ಮನಿ. ನಡೀರಿ" ಎಂದರು.

ನಾನು ಹೇಳಿಕೊಡದೆ ಅವರೇ ಹಚ್ಚಿದ ಮೊದಲ ಕ್ರಮ ಅದು. ಕಲ್ಲುಬೆಂಚಿನ ಮೇಲೆ ಕೂತು ಹತ್ತು ರೊಟ್ಟಿಯನ್ನು ಇಬ್ಬರೂ ಕಷ್ಟಪಟ್ಟು ಮುಗಿಸಿದೆವು. ಹಿಂಡಿಯನ್ನು ಕೂಡ ಬೆರಳಲ್ಲಿ ಬಳಿದೆವು. ಬುತ್ತಿ ಬಿಚ್ಚಿದ್ದು ಯಾದಗಿರಿಯಲ್ಲಿ ಅಲ್ಲದಿದ್ದರೇನು, ಗೆದ್ದ ದಿನವೇ ಬಿಚ್ಚಿದ್ದರು; ಅವರ ಕಣ್ಣು ಒದ್ದೆಯಾಗಿತ್ತು.

ಸಾಕ್ಷಿಗೆಂದು ನಾನೂ ಸುರಪುರದ ಅವರ ಮನೆಯವರೆಗೆ ಹೋದೆ. ಮನೆಯಾಕೆ ಬುತ್ತಿಯ ಗಂಟು ಎತ್ತಿದರು. ಹಗುರ. ಬಿಚ್ಚಿದರು. ಖಾಲಿ. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು.

"ಗೆದ್ರೇನು?"

"ಗೆದ್ದೆ" ಎಂದರು ಗುಮಾಸ್ತರು.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಅಲ್ಲೇ ಕೂತುಬಿಟ್ಟರು. ಆಮೇಲೆ ಆಕೆ ತಲೆ ಎತ್ತಿ ಹೇಳಿದರು:

"ಹನ್ನೊಂದು ವರ್ಷ ಆತು, ಬುತ್ತಿ ತಿರುಗಿ ಬರ್ತದಂತ ಇವತ್ತಿನ ದಿವಸ ನಾ ಸಂಜಿಗೆ ಒಲಿನೇ ಹಚ್ಚಂಗಿಲ್ಲ. ಮೊದಲ ಒಂದ್ ಮಾತು ಹೇಳಿ, ಆಮ್ಯಾಲ ಗೆಲ್ಲಬಾರದೇನ್ರಿ?"