ಪ್ರೋಗ್ರಾಮಿಗೆ ಹಚ್ಚಿದ ಅರಿಶಿಣ

ಜಗತ್ತಿನಲ್ಲಿ ಎಲ್ಲವೂ ಬದಲಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ನಾನೂ ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ಬದಲಾಯಿಸಿದವರು ಅದನ್ನು ಒಂದು ಸಾಲಿನಲ್ಲಿ ಬರೆದಿಡಬಾರದೇ? ನಮ್ಮ ಅಡುಗೆಮನೆಯ ಡಬ್ಬಿಗಳಿಗೆಲ್ಲ ನಾನು ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದ್ದೆ. ಒಂದು ಭಾನುವಾರ ಬೀಗರು ಬಂದಾಗ, ಹೆಂಡತಿ ಪೂಜೆಯಲ್ಲಿದ್ದಾಳೆಂದು ನಾನೇ ಚಹಾಕ್ಕಿಟ್ಟು, 'ಸಕ್ಕರೆ' ಎಂಬ ಡಬ್ಬಿಯಿಂದ ಧಾರಾಳವಾಗಿ ಸುರಿದೆ. ಚಹಾ ಕುದಿಯುತ್ತ ಕುದಿಯುತ್ತ ಗಟ್ಟಿಯಾಗಿ, ಕೊನೆಗೆ ಚಮಚ ತಾನಾಗಿಯೇ ನಿಂತುಕೊಂಡಿತು. ಡಬ್ಬಿಯೊಳಗಿದ್ದದ್ದು ರವೆ. "ಚೀಟಿ ಓದಿ ಯಾರು ಅಡಗಿ ಮಾಡ್ತಾರ್ರೀ? ಅಲ್ಲಾಡ್ಸಿ ನೋಡಿದ್ರ ಸಪ್ಪಳಾ ಗೊತ್ತಾಗೂದಿಲ್ಲೇನು?" ಎಂದಳು ಹೆಂಡತಿ. ಬೀಗರು ಮಾತ್ರ ಮರ್ಯಾದಸ್ಥರು. ಪುಣೆಯ ಚಹಾದ ಬಗ್ಗೆ ಮೊದಲೇ ಕೇಳಿದ್ದರೋ ಏನೋ, ಬೆರಳಿನಿಂದ ತಿಂದು ಮುಗಿಸಿದರು.

ಮನೆಯಲ್ಲಿ ಸೋತ ಈ ಯುದ್ಧವನ್ನು ಆಫೀಸಿನಲ್ಲಾದರೂ ಗೆಲ್ಲಬೇಕೆಂಬ ಹಟ ನನಗಿತ್ತು. ನಾನು ಪಿಂಪ್ರಿಯ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ಎಂಬತ್ತರ ದಶಕ ಆಗಷ್ಟೇ ಕಣ್ಣುಬಿಡುತ್ತಿತ್ತು. ಕಂಪ್ಯೂಟರ್ ಎಂದರೆ ಕೋಣೆ ತುಂಬ ನಿಂತ ಯಂತ್ರ. ಅದಕ್ಕೆ ತಂಪು ಗಾಳಿ, ನಮಗೆ ಹೊರಗಿನ ಸೆಕೆ. ದೇವರ ಮನೆಗೆ ಹೋಗುವಂತೆ ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಹುಡುಗ ಹುಡುಗಿಯರು ಪ್ರೋಗ್ರಾಂ ಬರೆಯುತ್ತಿದ್ದರು. ಆ ಪ್ರೋಗ್ರಾಮನ್ನು ನಡೆಸುವುದು ಹೇಗೆಂದು ಕೈಪಿಡಿ ಬರೆಯುವುದು ನನ್ನ ಕೆಲಸ. ಹಾಸ್ಟೆಲ್ಲಿನಲ್ಲಿ ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದ ನನಗೆ ಇದಕ್ಕಿಂತ ಒಪ್ಪುವ ಕೆಲಸ ಬೇರೆ ಇರಲಿಲ್ಲ. ಕಷ್ಟವೆಂದರೆ, ನಾನು ಒಂದು ಪುಟ ಟೈಪ್ ಮಾಡಿ, ತೂತು ಹೊಡೆದು, ಫೈಲಿಗೆ ಸೇರಿಸುವಷ್ಟರಲ್ಲಿ ಆ ಮಕ್ಕಳು ಪ್ರೋಗ್ರಾಮನ್ನು ಬದಲಿಸಿ ಚಹಾಕ್ಕೆ ಹೋಗಿರುತ್ತಿದ್ದರು. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಸಣ್ಣ ಬದಲಾವಣೆ ರೀ ಸರ, ತಲ್ಯಾಗ ಅದ."

ತಲೆಯಲ್ಲಿದ್ದರೆ ಆಯಿತೇ? ತಲೆ ರಜೆಯ ಮೇಲೆ ಹೋಗುತ್ತದಲ್ಲ! ಆಗ ಕಂಪನಿಯ ಜೀಪು ಹೊರಡುತ್ತಿತ್ತು. ಮನೆಯಲ್ಲಿ ಫೋನಿಲ್ಲದ ಕಾಲ; ಯಂತ್ರ ನಿಂತಿತೆಂದರೆ ಪ್ರೋಗ್ರಾಂ ಬರೆದವರು ಎಲ್ಲಿದ್ದರೂ ಹುಡುಕಿ ಹೊತ್ತು ತರುವುದು ನಮ್ಮಲ್ಲಿ ಸಂಪ್ರದಾಯವೇ ಆಗಿತ್ತು. ಒಬ್ಬನನ್ನು ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡದಲ್ಲಿ ಎಬ್ಬಿಸಿ ತಂದರು. ಇನ್ನೊಬ್ಬ ಹೆಣ್ಣು ನೋಡಲು ಹೋಗಿದ್ದ. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬರುವುದಕ್ಕೂ ಬಾಗಿಲಲ್ಲಿ ಜೀಪು ನಿಲ್ಲುವುದಕ್ಕೂ ಸರಿಹೋಯಿತು. ಪೊಲೀಸರು ಬಂದರೆಂದು ತಿಳಿದು ಆ ಮನೆಯವರು ಸಂಬಂಧವನ್ನೇ ಬಿಟ್ಟುಬಿಟ್ಟರು.

ಹೀಗಿರುವಾಗ ಒಂದು ದಿನ ನಂದಿನಿ ನನ್ನ ಮೇಜಿನ ಮುಂದೆ ಬಂದು ನಿಂತಳು. ವಿಜಾಪುರದ ಕಡೆಯ ಹುಡುಗಿ. ಸ್ಟೋರಿನ ಸಾಮಾನಿನ ತಿಂಗಳ ಲೆಕ್ಕ ತೆಗೆಯುವ ಪ್ರೋಗ್ರಾಂ ಅವಳದು. ಮದುವೆಯ ಪತ್ರಿಕೆ ಕೊಟ್ಟಳು, ಆದರೆ ಮುಖದಲ್ಲಿ ಮದುಮಗಳ ಕಳೆ ಇರಲಿಲ್ಲ.

"ಸರ, ಮುಹೂರ್ತ ತಿಂಗಳ ಕಡೀ ದಿನಾನ ಬಂದದ. ಅವತ್ತ ನನ್ನ ಪ್ರೋಗ್ರಾಂ ಓಡಸ್ತಾರ. ಜೀಪ್ ಬಂದ್ರ ಹ್ಯಾಂಗ್ರಿ? ನಮ್ಮ ಮಾವನವರು ಭಾಳ ಕಟ್ಟುನಿಟ್ಟು. ಈಗ್ಲೇ ಕೇಳ್ಯಾರ, 'ನೌಕರಿ ಬಿಡೂದಿಲ್ಲೇನು?' ಅಂತ. ಮಂಟಪದಾಗಿಂದ ಎಬ್ಬಿಸ್ಕೊಂಡು ಹೋದ್ರ ನನ್ನ ನೌಕರಿ ಅಲ್ಲಿಗೇ ಮುಗೀತು."

ನನ್ನ ಎದೆ ಉಬ್ಬಿತು. ಜೀವನದಲ್ಲಿ ಮೊದಲ ಸಲ ಒಬ್ಬರು ಕೈಪಿಡಿಯನ್ನು ನಂಬಿ ಬಂದಿದ್ದರು. "ಜೀಪಿನ ಗಾಲಿ ಅಲ್ಲಾಡೂದಿಲ್ಲ ತಂಗಿ. ಪುಸ್ತಕ ಸರಿಯಿದ್ದರ ನಿನ್ನ ಗೊಡವೀನೇ ಬ್ಯಾಡ ನಮಗ" ಎಂದೆ.

ಇಬ್ಬರೂ ಕೂತು ಅವಳ ಪ್ರೋಗ್ರಾಮಿನ ಪುಟಗಳನ್ನು ಹೊಸದಾಗಿ ಬರೆಯತೊಡಗಿದೆವು. ಅವಳು ವಿವರಿಸಬೇಕು, ನಾನು ಬರೆಯಬೇಕು. ಆದರೆ ವಿವರಿಸುತ್ತ ವಿವರಿಸುತ್ತ ಅವಳು ತಟ್ಟನೆ ನಿಲ್ಲುತ್ತಿದ್ದಳು. "ಅಯ್ಯ, ಇದ್ಯಾಕ ಹಿಂಗ ಮಾಡೀನಿ? ತಡೀರಿ ಸರ, ಸರಿ ಮಾಡಿ ಬರ್ತೀನಿ." ಸರಿ ಮಾಡಿ ಬರುತ್ತಿದ್ದಳು, ನಾನು ಬರೆದ ಪುಟ ತಪ್ಪಾಗುತ್ತಿತ್ತು. ಪುಟ ತಿದ್ದಿ ಓದಿ ಹೇಳಿದರೆ ಅವಳಿಗೆ ಮತ್ತೊಂದು ಹೊಳೆಯುತ್ತಿತ್ತು. ಕೈಪಿಡಿ ಬರೆಯುವುದರಿಂದಲೇ ಪ್ರೋಗ್ರಾಂ ಬದಲಾಗುತ್ತದೆಂಬ ಈ ವಿಚಿತ್ರವನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕನ್ನಡಿ ಮುಂದೆ ನಿಂತವರು ಸೆರಗು ಸರಿಮಾಡಿಕೊಳ್ಳದೆ ಇರುತ್ತಾರೆಯೇ?

ಕೊನೆಗೆ ನಾನೊಂದು ಉಪಾಯ ಮಾಡಿದೆ. "ನಂದಿನಿ, ಅರಿಶಿಣ ಹಚ್ಚಿದ ಮ್ಯಾಲೆ ಮದುಮಗಳು ಹೊಸ್ತಿಲಾ ದಾಟ್ತಾಳೇನು?"

"ಇಲ್ರಿ."

"ಹಂಗಾದ್ರ ನಿನ್ನ ಪ್ರೋಗ್ರಾಮಿಗೂ ಇವತ್ತ ಅರಿಶಿಣ. ಲಗ್ನ ಆಗೂತನಕ ಅದು ಎಲ್ಲೂ ಹೋಗೂದಿಲ್ಲ, ಯಾರೂ ಅದನ್ನ ಮುಟ್ಟೂದಿಲ್ಲ." ಮನೆಯಿಂದ ಪೊಟ್ಟಣದಲ್ಲಿ ತಂದಿದ್ದ ಅರಿಶಿಣವನ್ನು ಆ ಪ್ರೋಗ್ರಾಂ ತುಂಬಿದ ಟೇಪಿನ ಡಬ್ಬಿಯ ಮುಚ್ಚಳಕ್ಕೆ ಹಚ್ಚಿಯೇಬಿಟ್ಟೆ. ಯಂತ್ರ ನಡೆಸುವ ಶಿಂದೆ "ಹಳದ ಲಾಗಲೀ!" ಅರಿಶಿಣ ಹತ್ತಿತು ಎಂದು ಕೂಗಿ, ಹುಡುಗರಿಗೆಲ್ಲ ಪೇಢೆ ಹಂಚಿದ. ಆಮೇಲೆ ಒಬ್ಬರೂ ಆ ಟೇಪನ್ನು ಮುಟ್ಟಲಿಲ್ಲ. ಮ್ಯಾನೇಜರು ಹೊರಡಿಸಿದ ಯಾವ ಸುತ್ತೋಲೆಗೂ ನಮ್ಮ ವಿಭಾಗದಲ್ಲಿ ಇಷ್ಟು ಗೌರವ ಸಿಕ್ಕಿರಲಿಲ್ಲ. ಕೈಪಿಡಿ ಮುಗಿಯಿತು, ಪ್ರೋಗ್ರಾಮಿಗೆ ಸಾಲು ಸಾಲಾಗಿ ಹೊಂದಿತು. "ಪುಸ್ತಕದಾಗ ಇದ್ದಷ್ಟ ಮಾಡು, ಒಂದು ಕೂದಲೆಳಿ ಆಚೀಚೆ ಆಗಬಾರದು" ಎಂದು ಶಿಂದೆಗೆ ಮರಾಠಿಯಲ್ಲಿ ತಾಕೀತು ಮಾಡಿದೆ. ಅವನು ಕಿವಿ ಹಿಡಿದುಕೊಂಡು ಒಪ್ಪಿದ.

ಮದುವೆಯ ದಿನ ಪುಣೆಯ ಕಲ್ಯಾಣಮಂಟಪದಲ್ಲಿ ಜರಿ ಅಂಚಿನ ಧೋತರ ಉಟ್ಟು ಹೆಂಡತಿಯೊಂದಿಗೆ ಮೊದಲ ಸಾಲಿನಲ್ಲಿ ಕೂತಿದ್ದೆ. ಮಂಗಳಾಷ್ಟಕ ನಡೆದಿತ್ತು. ಕೈಯಲ್ಲಿ ಅಕ್ಷತೆ ಹಿಡಿದು ಎದ್ದು ನಿಂತಿದ್ದೇವೆ, ಹೊರಗೆ ಪರಿಚಿತವಾದ ಒಂದು ಗುರುಗುರು ಕೇಳಿಸಿತು. ಬಾಗಿಲಲ್ಲಿ ಜೀಪಿನ ಡ್ರೈವರ್! ಅಂತರಪಟದ ಆಚೆ ಹಾರ ಹಿಡಿದು ನಿಂತ ನಂದಿನಿಯ ಕಣ್ಣು ಅವನ ಮೇಲೆ ಬಿತ್ತು. ಗಂಡಿನ ಕಡೆಯ ಮೀಸೆಯೊಂದು ಮೆಲ್ಲನೆ ಅತ್ತ ತಿರುಗಿತು. ನಾನು ಜೀವ ಕೈಯಲ್ಲಿ ಹಿಡಿದು, ಇದ್ದ ಅಕ್ಷತೆಯನ್ನೆಲ್ಲ ಒಂದೇ ಸಲ ಎರಚಿದೆ. ಅಂತರಪಟ ಸರಿಯಿತು, ಓಲಗ ಮೊಳಗಿತು, ಹಾರ ಬೀಳಬೇಕಾದ ಕೊರಳಿಗೇ ಬಿತ್ತು. ಡ್ರೈವರ್ ಜನರ ನಡುವೆ ದಾರಿ ಮಾಡಿಕೊಂಡು ಬಂದವನು ಮದುಮಗಳನ್ನು ದಾಟಿ ನೇರವಾಗಿ ನನ್ನ ಮುಂದೆ ನಿಂತ.

"ಸಾಹೇಬ, ತುಮ್ಹಾಲಾಚ ಬೋಲಾವಲಂಯ."

ಕರೆ ಬಂದದ್ದು ನನಗೆ! ಹೆಂಡತಿ ಮುಖಕ್ಕೆ ಸೆರಗು ಮುಚ್ಚಿಕೊಂಡದ್ದು ಗಾಬರಿಗಲ್ಲ, ನಗು ತಡೆಯಲು.

ಯಂತ್ರದ ಕೋಣೆಯಲ್ಲಿ ಶಿಂದೆ ಕೈಪಿಡಿ ತೆರೆದಿಟ್ಟುಕೊಂಡು ಕೈಕಟ್ಟಿ ನಿಂತಿದ್ದ. "ಏನಾಯ್ತೋ? ಯಾಕ ನಿಲ್ಲಿಸಿದಿ?" ಎಂದೆ. ಅವನು ಬೆರಳಿಟ್ಟು ತೋರಿಸಿದ. ಮೊದಲ ಟೇಪು ಮುಗಿದ ಮೇಲೆ ಎರಡನೆಯದನ್ನು ಹಾಕುವ ಮುನ್ನ, ಯಂತ್ರದಿಂದ ಬಂದ ಕಾಗದವನ್ನು ಕೈಪಿಡಿಯ ಅಧಿಕಾರಿಗೆ ತೋರಿಸಿ ಸಹಿ ಪಡೆಯತಕ್ಕದ್ದು. ನನ್ನದೇ ವಾಕ್ಯ, ಆ ಅಧಿಕಾರಿಯೂ ನಾನೇ. ಪ್ರೋಗ್ರಾಂ ಅದನ್ನು ಕೇಳಿರಲಿಲ್ಲ, ನಂದಿನಿ ಕೇಳಿರಲಿಲ್ಲ. ಅಚ್ಚುಕಟ್ಟಾಗಿರಲಿ ಎಂದು ನಾನೇ ಸೇರಿಸಿದ್ದೆ.

"ಸಾಹೇಬ, ಪುಸ್ತಕಾತ ಲಿಹಿಲಂಯ," ಎಂದ ಶಿಂದೆ. ಪುಸ್ತಕದಲ್ಲಿ ಬರೆದಿದೆ, ಅದರ ಮೇಲೆ ಮಾತಿಲ್ಲ.

ಸಹಿ ಮಾಡಿದೆ. ಟೇಪು ತಿರುಗಿತು. ಹೊರಡಲು ಧೋತರ ಎತ್ತಿ ಹಿಡಿದರೆ ಶಿಂದೆ ವಿನಯದಿಂದ ಪುಟ ತಿರುವಿದ. ಪ್ರತಿ ಟೇಪಿನ ಕೆಳಗೂ ಅದೇ ವಾಕ್ಯ. "ಖೋಡೂ ಕಾ, ಸಾಹೇಬ?" ಹೊಡೆದು ಹಾಕಲೇ ಎಂದು ಕೇಳಿದ. "ಹಂಗೆಲ್ಲ ಹೊಡ್ಯೂ ಹಂಗಿಲ್ಲ, ಪ್ರೋಗ್ರಾಂ ಬರದವ್ರ ಸಹಿ ಬೇಕು" ಎಂದೆ, ಮತ್ತು ಆ ಸಹಿಗಾಗಿ ಜೀಪನ್ನು ಎಲ್ಲಿಗೆ ಕಳಿಸಬೇಕಾಗುತ್ತದೆಂದು ಹೊಳೆದು ತೆಪ್ಪಗೆ ಸ್ಟೂಲಿನ ಮೇಲೆ ಕೂತೆ.

ಮಧ್ಯಾಹ್ನ ಡ್ರೈವರ್ ಮತ್ತೆ ಬಂದ. ಈ ಸಲ ಅವನ ಕೈಯಲ್ಲಿ ಮದುವೆಮನೆಯ ದೊಡ್ಡ ಡಬ್ಬಿ: ಹೋಳಿಗೆ, ಕೋಸಂಬರಿ, ಬದನೆಕಾಯಿ ಎಣ್ಣೆಗಾಯಿ. ಸಂಗಡ, ಅವನಿಂದ ಸಹಿಯ ಕಥೆ ಕೇಳಿದ ಮದುಮಗಳು ಹೇಳಿ ಕಳಿಸಿದ ಮಾತು: "ಸರಗ ಹೇಳ್ರಿ, ನಮ್ಮ ಮಾವನವರಿಗೆ ಭಾಳ ಖುಷಿ ಆಗೇದ. ಮದಿವೀಗೆ ಬಂದ ಹಿರ್‍ಯಾರು ಉಣ್ಣದ ಹೋದ್ರೂ ಅಡ್ಡಿಯಿಲ್ಲ, ಹುಡುಗೀನ ಎಬ್ಬಿಸದಂಥಾ ಕಂಪನಿ ಅಂದ್ರ ನೌಕರಿ ಬಿಡಬ್ಯಾಡ ಅಂದ್ರು. ಡಬ್ಬಿ ಮುಟ್ಟಿದ್ದಕ್ಕ ಸಹಿ ಮಾಡಿ ಕಳಿಸಬೇಕಂತ ಹೇಳ್ರಿ."

ಶಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ. ಆದರೆ ಅಷ್ಟರಲ್ಲಿ ನನ್ನ ಕೈ ಆಗಲೇ ಜೇಬಿನಿಂದ ಪೆನ್ನು ತೆಗೆದಿತ್ತು.