ಮೂರು ಕಾಲಿನ ಮೇಲೆ ನಿಂತ ಕುದುರೆ

ನಮ್ಮ ಕಾಕಾನಂಥ ಸೋಮಾರಿ ಚಿತ್ರಕಾರರು ಇಡೀ ಮಿರಜದಲ್ಲಿ ಇನ್ನೊಬ್ಬರಿರಲಿಲ್ಲ! ಹೀಗೆ ಬರೆದೊಡನೆ ನನಗೆ ಅನುಮಾನ ಶುರುವಾಗುತ್ತದೆ. ಇದೆಲ್ಲ ನಾನು ಕಂಡದ್ದೋ, ಮನೆಯವರು ಹೇಳಿ ಹೇಳಿ ಕಂಡಂತಾದದ್ದೋ? ಸಾಂಗ್ಲಿಯ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನಿಗೆ ತನ್ನ ನೆನಪನ್ನೇ ಪಾಟೀಸವಾಲಿಗೆ ಒಡ್ಡುವ ಚಟ. ಕಾಕಾ ಬರೆದ ಕುದುರೆ ಬೂದು ಬಣ್ಣದ್ದು ಎನ್ನುತ್ತೇನೆ ನಾನು. ಅಲ್ಲ, ಕೆಂದು ಎನ್ನುತ್ತಾಳೆ ತಂಗಿ.

ಸಂಸ್ಥಾನ ವಿಲೀನವಾದ ಹೊಸತು. ಲಾಯದ ಕುದುರೆಗಳೆಲ್ಲ ಹರಾಜಾಗಿ, ಮುದಿ ಹೆಣ್ಣು ಕುದುರೆಯೊಂದು ಉಳಿದಿತ್ತು. ಟಾಂಗಾದವರು ಅದಕ್ಕಾಗಿ ಕಾದಿದ್ದರು. ಆ ವಯಸ್ಸಿಗೆ ಟಾಂಗಾ ಎಳೆದರೆ ತಿಂಗಳೂ ಬಾಳದೆಂದು ಎಲ್ಲರಿಗೂ ಗೊತ್ತಿತ್ತು. ಕಚೇರಿಯ ಗೋಡೆಗೊಂದು ನೆನಪಿರಲಿ ಎಂದು ಹೊಸ ಸರಕಾರದ ಸಾಹೇಬರು ಅದರ ಚಿತ್ರ ಬರೆಯಲು ಕಾಕಾನಿಗೆ ಹೇಳಿದರು. ಚಿತ್ರ ಮುಗಿದ ಮರುದಿನವೇ ಹರಾಜು.

ಸಾಹೇಬರಿಗೆ ಬೇಕಾದದ್ದು ಮುಂಗಾಲೆತ್ತಿ ಕೆನೆಯುವ ಕುದುರೆ. ಕಾಕಾ ಗೋಡೆಗೆ ಅಂಟಿಸಿಕೊಂಡಿದ್ದದ್ದು ಯಾರೋ ಹಳೆಯ ಪರದೇಶದ ಕಲಾವಿದನ ಚಿತ್ರದ ಅಚ್ಚುಪ್ರತಿ: ಸವಾರನಿಲ್ಲ, ಯುದ್ಧವಿಲ್ಲ, ಒಂದು ಕುದುರೆ ಸುಮ್ಮನೆ ನಿಂತಿದೆ.

"ಪೇಂಟರ್ರ, ಮುಂಗಾಲು ಎತ್ತಸ್ರಿ. ಜೋರ್ ಕಾಣಲಿ!"

"ಮುದುಕಿ ಅದಾಳ್ರಿ ಸಾಹೇಬ್ರ. ಮೂರು ಕಾಲಮ್ಯಾಲ ನಿಂತು ಒಂದಕ್ಕ ಸೂಟಿ ಕೊಟ್ಟಾಳ. ಹಂಗ ಬರೀತೇನ್ರಿ."

ದಣಿದ ಕುದುರೆ ನಿಂತಲ್ಲೇ ಒಂದು ಹಿಂಗಾಲನ್ನು ರಜೆ ಕೊಟ್ಟಂತೆ ಸಡಿಲ ಬಿಡುತ್ತದೆ. ಆಗಾಗ ಕಾಲು ಬದಲಿಸುತ್ತದೆ. ಕಾಕಾ ಅದನ್ನೇ ಹಿಡಿದರು!

"ಕಾಕಾ, ನಿನ್ನೆ ಬರದ ಕಾಲು ಯಾಕ ಅಳಿಸಿದ್ರಿ?" ಎಂದೆ ಒಂದು ಸಂಜೆ.

"ನಿನ್ನೆ ಎಡಗಾಲಿಗೆ ಸೂಟಿ ಇತ್ತು, ಇವತ್ತು ಬಲಗಾಲಿಗೆ. ನಾ ಏನ್ ಸುಳ್ಳು ಬರೀಲೇನಲೇ?"

"ಹಿಂಗಾದ್ರ ಮುಗಿಯೂದು ಯಾವಾಗ್ರಿ?"

"ಆಕಿನ್ನ ಕೇಳು. ಕಾಲೇಜ್ ಕಲ್ತಾಂವ ನೀ!"

ಸಾಹೇಬರು ವಾರಕ್ಕೊಮ್ಮೆ ಬಂದು ನೋಡುವರು. "ಹೋದ ವಾರ ಇನ್ನಷ್ಟು ಮುಗದಿತ್ತಲ್ರೀ!" ಎಂದು ತಲೆ ತುರಿಸಿಕೊಂಡು ಹೋಗುವರು. ಓಣಿಗೆ ಓಣಿಯೇ ನಕ್ಕಿತು. ನಾನಂತೂ ಎಲ್ಲರಿಗಿಂತ ಹೆಚ್ಚು ನಕ್ಕೆ.

ಒಂದು ಮಧ್ಯಾಹ್ನ ಕಾಕಾ ಬಣ್ಣದ ಪೆಟ್ಟಿಗೆ ಹೊತ್ತು ಮನೆಗೆ ಬಂದರು. "ಮುಗೀತು" ಎಂದರು.

"ಹಂಗಾದ್ರ ನಾಳೆ ಹರಾಜೇನ್ರಿ?"

ಕಾಕಾ ಪೆಟ್ಟಿಗೆ ಕೆಳಗಿಟ್ಟರು. ಹಿತ್ತಲಲ್ಲಿ ಬಹಳ ಹೊತ್ತು ಮುಖ ತೊಳೆದರು. ಬಣ್ಣ ಅಷ್ಟು ಹತ್ತಿತ್ತೋ, ಬೇರೇನೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಹರಾಜು ನೋಡಲು ನಾನು ಹೋಗಲಿಲ್ಲ. ಅಷ್ಟು ದಿನ ಎಳೆದು ಕೊನೆಗೆ ಕುದುರೆಯನ್ನು ಕೈಬಿಟ್ಟರಲ್ಲ ಎಂದು ಎಷ್ಟೋ ವರ್ಷ ಅವರ ಮೇಲೆ ಮನಸ್ಸಿನಲ್ಲೇ ಸಿಟ್ಟಿಟ್ಟುಕೊಂಡಿದ್ದೆ.

ಅವರು ತೀರಿಕೊಂಡ ಮೇಲೆ ಒಮ್ಮೆ ಹಳೆಯ ಕಾಗದಪತ್ರಗಳ ಕಚೇರಿಗೆ ಹೋಗಿ ಲಾಯದ ದಫ್ತರ ತೆಗೆಸಿ ನೋಡಿದೆ. ಉಳಿದ ಕುದುರೆಗಳ ಮುಂದೆಲ್ಲ 'ಹರಾಜು' ಎಂದಿತ್ತು. ಇದರ ಮುಂದೆ ಮಾತ್ರ, ಕಾಕಾ ಪೆಟ್ಟಿಗೆ ಹೊತ್ತು ಬಂದ ಆ ದಿನದ ತಾರೀಖಿನಲ್ಲಿ, ಬೇರೆ: 'ಮುಪ್ಪಿನಿಂದ ಲಾಯದಲ್ಲೇ ಸತ್ತಿತು.'