ಮೇಜಿನ ಮೇಲೆ ಐರಾಣಿ ಗಡಿಗೆ

ಯಾರಾದರೂ ‘ಎಲ್ಲ ಸರಳವಾಗಿರಲಿ, ಏನೂ ತೊಂದರೆ ತೆಗೆದುಕೊಳ್ಳಬೇಡಿ’ ಎಂದರೆ ನನ್ನ ಎದೆ ಡವಡವ ಎನ್ನತೊಡಗುತ್ತದೆ. ಆಡಂಬರದವರನ್ನು ಸಂಭಾಳಿಸುವುದು ಸುಲಭ. ಅವರಿಗೆ ಹೋಳಿಗೆ ಬೇಕು, ಬೆಳ್ಳಿ ಲೋಟ ಬೇಕು, ‘ಇನ್ನೊಂದು ಬಡಿಸಲೇ’ ಎಂಬ ಉಪಚಾರ ಬೇಕು. ಉಪಚಾರವೊಂದನ್ನು ಬಿಟ್ಟು ಉಳಿದದ್ದೆಲ್ಲ ಪಕ್ಕದ ಮನೆಯಲ್ಲಿ ಕಡ ಸಿಗುತ್ತದೆ. ಸರಳರಿಗೆ ಏನು ಬೇಕು ಎಂಬುದು ಮಾತ್ರ ನನಗೆ ಇಂದಿಗೂ ತಿಳಿದಿಲ್ಲ. ಅಂಥ ಒಬ್ಬ ಸರಳ ಮನುಷ್ಯನನ್ನು ಊಟಕ್ಕೆ ಕರೆದು ನಾನು ಪಟ್ಟ ಪಾಡನ್ನು ಯಾರಿಗೂ ಪೂರ್ತಿಯಾಗಿ ಹೇಳಿಲ್ಲ, ನಿಮಗೆ ಹೇಳುತ್ತೇನೆ.

ಸ್ವರಾಜ್ಯ ಬಂದು ಮೂರ್ನಾಲ್ಕು ವರ್ಷವಾಗಿತ್ತು. ನಾನು ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತ. ಕಂಟೋನ್ಮೆಂಟಿನ ಬಾಡಿಗೆ ಮನೆಯಲ್ಲಿ ನಾನು, ನನ್ನ ಹೆಂಡತಿ, ಅವ್ವ ಮತ್ತು ತಂಗಿ ಶಾಂತಾ ಇದ್ದೆವು. ಅಪ್ಪ ತೀರಿಕೊಂಡಿದ್ದರಿಂದ ತಂಗಿಗೆ ಗಂಡು ಹುಡುಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಗಲೇ ಮೂರು ಕಡೆಯವರು ಬಂದು ಉಪ್ಪಿಟ್ಟು ತಿಂದು, ‘ಊರಿಗೆ ಹೋಗಿ ಕಾಗದ ಬರೆಯುತ್ತೇವೆ’ ಎಂದು ಹೇಳಿ ಹೋಗಿದ್ದರು. ಅವರ ಊರುಗಳಲ್ಲಿ ಕಾಗದವೇ ಸಿಗಲಿಲ್ಲವೋ ಏನೋ. ಪ್ರತಿ ಸಲವೂ ಶಾಂತಾ ಉಟ್ಟ ರೇಷ್ಮೆ ಸೀರೆಯನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟು, ನಗುನಗುತ್ತಲೇ ಪಾತ್ರೆ ತಿಕ್ಕಲು ಕೂಡುತ್ತಿದ್ದಳು. ಆ ನಗುವನ್ನು ನನ್ನಿಂದ ನೋಡಲಾಗುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳಬಹುದಿತ್ತು.

ನಾಲ್ಕನೆಯವರು ರಾರಾವಿಯ ಕಡೆಯವರು. ಹುಡುಗ ಸಿರುಗುಪ್ಪದಲ್ಲಿ ಮೇಷ್ಟ್ರು, ಮದರಾಸಿನಲ್ಲಿ ಓದುವಾಗ ಖಾದಿ ಹಿಡಿದವನು. ದಸರೆ ಮುಗಿದ ವಾರ ಅವನ ಕೈಬರಹದ್ದೇ ಒಂದು ಪತ್ರ ಬಂತು. ಬೆಳ್ಳಿ ಹಿತ್ತಾಳೆಯ ವೈಭವ ತನಗೆ ಸೇರುವುದಿಲ್ಲ, ಹಳ್ಳಿಯ ಕುಂಬಾರ ಕೈಯಿಂದ ಮಾಡಿದ ಮಣ್ಣಿನ ಪಾತ್ರೆಗಳಲ್ಲಿ ಬಡಿಸಿದರೆ ಸಾಕು, ಶರತ್ಕಾಲದ ಬೆಳೆಗಳೇ ಅಲಂಕಾರವಾಗಿರಲಿ, ಗಂಡಸರು ಹೆಂಗಸರು ಎನ್ನದೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಊಟ ಮಾಡೋಣ ಎಂದು ಬರೆದಿದ್ದ. ಕೊನೆಗೆ ‘ಒಟ್ಟಿನಲ್ಲಿ ಹಳ್ಳಿಯ ರೀತಿ ಇರಲಿ’ ಎಂದು ಬೇರೆ ಸೇರಿಸಿದ್ದ. ನಾನು ಪತ್ರವನ್ನು ಮೂರು ಸಲ ಓದಿದೆ. ನಮ್ಮ ಮೂಲ ದೇಶನೂರು ಎಂಬ ಹಳ್ಳಿ. ಭತ್ತದ ಗದ್ದೆಯ ಬದುವಿನ ಮೇಲೆ ಕೂತು ಉಂಡಿದ್ದೇನೆ, ಚಕ್ಕಡಿಯಲ್ಲಿ ಉಂಡಿದ್ದೇನೆ. ಯಾವ ಹಳ್ಳಿಯಲ್ಲಿ ಮೇಜಿನ ಮೇಲೆ ಉಣ್ಣುತ್ತಾರೆಂಬುದು ಮಾತ್ರ ಹೊಳೆಯಲಿಲ್ಲ. ಶರತ್ಕಾಲದ ವಿಚಾರವೂ ಅಷ್ಟೇ. ಬಳ್ಳಾರಿಯಲ್ಲಿರುವುದು ಒಂದು ಬೇಸಿಗೆ, ಅದು ಮುಗಿದ ಮೇಲೆ ಇನ್ನೊಂದು ಸಣ್ಣ ಬೇಸಿಗೆ.

ಪತ್ರವನ್ನು ಅವ್ವನಿಗೆ ಓದಿ ಹೇಳಿದೆ. ಅವಳು, “ನಮ್ಮತ್ತಿ ಮಣ್ಣಿನ ಗಡಿಗಿ ಬಿಟ್ಟು ತಾಮ್ರದ ಪಾತ್ರಿ ಕಾಣಾಕ ನಲವತ್ತು ವರ್ಷ ಹಿಡೀತು. ಈಗ ಓದಿದ ಹುಡುಗ ಬಂದು ಮಣ್ಣಾಗ ಉಣ್ತೀನಿ ಅಂತಾನ. ಅವರ ಮನ್ಯಾಗ ಪಾತ್ರಿ ಇಲ್ಲೇನು, ಸ್ವಲ್ಪ ವಿಚಾರಿಸಪಾ,” ಎಂದಳು. ಶಾಂತಾ ಮಾತ್ರ ಪತ್ರವನ್ನು ಕೇಳಿ ಪಡೆದು ತಾನೂ ಓದಿದಳು. “ಬರದದ್ದು ಛಲೋ ಐತಿ ಅಣ್ಣಾ, ಮಾಡೂಣು,” ಎಂದಳು. ಆ ಪತ್ರ ತಿರುಗಿ ನನ್ನ ಕೈಗೆ ಬರಲಿಲ್ಲ. ಹುಡುಗ ಅವಳ ಮನಸ್ಸಿಗೆ ಬಂದಿದ್ದಾನೆ ಎಂದು ನನ್ನ ಹೆಂಡತಿ ಹೇಳಿದ ಮೇಲಂತೂ ನನಗೆ ಇನ್ನೂ ಭಯವಾಯಿತು. ಈ ಸಲವೂ ತಪ್ಪಿಹೋದರೆ ಅವಳು ಮತ್ತೆ ನಗುತ್ತ ಪಾತ್ರೆ ತಿಕ್ಕಲು ಕೂಡುತ್ತಾಳೆ, ಅದನ್ನು ನಾನು ನೋಡಬೇಕು.

ಮೇಜು ನಮ್ಮಲ್ಲಿತ್ತು. ಬಿಳಿಯರು ಕಂಟೋನ್ಮೆಂಟ್ ಬಿಟ್ಟು ಹೋಗುವಾಗ ಸಾಮಾನುಗಳನ್ನು ಹರಾಜಿಗಿಟ್ಟಿದ್ದರು. ಎಲ್ಲರೂ ಕೂಗುತ್ತಿದ್ದಾರಲ್ಲ ಎಂದು ನಾನೂ ಒಂದು ಸಲ ಕೂಗಿದ್ದಕ್ಕೆ ಅದು ನನ್ನ ಕೊರಳಿಗೆ ಬಿದ್ದಿತ್ತು. ಅಂದಿನಿಂದ ಅದರ ಮೇಲೆ ಹಾಸಿಗೆ ಸುತ್ತಿಡುತ್ತಿದ್ದೆವು, ಕೆಳಗೆ ಉಪ್ಪಿನಕಾಯಿ ಭರಣಿಗಳಿರುತ್ತಿದ್ದವು. ಕುರ್ಚಿಗಳಿರಲಿಲ್ಲ. ನೆರೆಹೊರೆಯಿಂದ ಸ್ಟೂಲುಗಳನ್ನು ತಂದು ಕೂತು ನೋಡಿದರೆ ಮೇಜು ಗದ್ದದವರೆಗೆ ಬರುತ್ತಿತ್ತು. ಬಡಿಸಿದ್ದು ಕಾಣಬೇಕಾದರೆ ಕತ್ತು ಉದ್ದ ಮಾಡಬೇಕು. ಇದೂ ಸರಳತೆಯ ಒಂದು ಭಾಗವಿರಬಹುದೆಂದು ಸುಮ್ಮನಾದೆ.

ಉಳಿದದ್ದು ಮಣ್ಣಿನ ಪಾತ್ರೆ. ಭಾನುವಾರ ಬಸ್ಸು ಹತ್ತಿ ಕುರುಗೋಡಿಗೆ ಹೋಗಿ, ಅಲ್ಲಿ ಹೆಸರಾದ ಕುಂಬಾರ ಹನುಮಂತಪ್ಪನ ಮನೆ ಹುಡುಕಿದೆ. ಅವನು ತಿಗರಿ ತಿರುಗಿಸುತ್ತ ಕೂತಿದ್ದ, ಹೆಂಡತಿ ಈರಮ್ಮ ಪಕ್ಕದಲ್ಲಿ ಮಣ್ಣು ಹದ ಮಾಡುತ್ತಿದ್ದಳು. “ಗಡಿಗಿ ಯಾತಕ್ರೀ?” ಎಂದು ಅವನು ಕೇಳಿದ. ಕೇಳಬೇಕಾದದ್ದೇ. ಮನೆಯಲ್ಲಿ ನಡೆಯುವ ಕಾರ್ಯ ಯಾವುದೋ ಅದರಂತೆ ಗಡಿಗೆ. ನಾನು ನಿಜ ಹೇಳಬೇಕಾಗಿತ್ತು. ಆದರೆ ಕೋಟು ಪೇಟ ಹಾಕಿಕೊಂಡ ಗುಮಾಸ್ತ, ಮೇಜಿನ ಮೇಲೆ ಮಣ್ಣಿನ ಬಟ್ಟಲಿಟ್ಟುಕೊಂಡು ಉಣ್ಣುತ್ತೇವೆ ಎಂದು ಕುಂಬಾರನ ಮುಂದೆ ಹೇಗೆ ಹೇಳುವುದು? ನಾಚಿಕೆಯಿಂದ, “ತಂಗೀದೊಂದು ಕಾರ್ಯ ಐತಿ. ನಾಕು ದೊಡ್ಡವು, ಹತ್ತು ಸಣ್ಣವು, ಮುಚ್ಚಳ ಸಹಿತ ಬೇಕು, ಬರೋ ಗುರುವಾರ,” ಎಂದೆ. ಅವನ ಮುಖ ಅರಳಿತು. “ಒಯ್ಯಾಕ ನೀವ ಬರ್ತೀರೇನ್ರೀ?” ಎಂದು ಈರಮ್ಮ ಕೇಳಿದಳು. “ನಮಗ ಪುರುಸೊತ್ತಿಲ್ಲ, ನೀವ ತಂದು ಮುಟ್ಟಿಸ್ರಿ,” ಎಂದೆ. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾಕೆ ನೋಡಿಕೊಂಡರು ಎಂದು ನಾನು ಕೇಳಲಿಲ್ಲ. ವಿಳಾಸ ಕೊಟ್ಟು ಬಸ್ಸು ಹತ್ತಿದೆ.

ಗುರುವಾರ ಹುಡುಗ, ಅವನ ಅಪ್ಪ ಮತ್ತು ಸೋದರತ್ತೆ ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ಶಾಂತಾ ಮೇಜಿನ ಮೇಲೆ ಸಜ್ಜೆ ತೆನೆ, ಸೀತಾಫಲ, ಹಸಿ ಶೇಂಗಾ, ಒಂದು ಕುಂಬಳಕಾಯಿ, ಚೆಂಡುಹೂವು ಎಲ್ಲ ಚೆಂದವಾಗಿ ಜೋಡಿಸಿದ್ದಳು. ಹುಡುಗ ಅದನ್ನು ನೋಡಿ ಹಿಗ್ಗಿದ. ಸೋದರತ್ತೆ, “ಸಂತಿ ಸಾಮಾನು ಇನ್ನೂ ತಗದಿಟ್ಟಿಲ್ಲೇನ್ರೀ?” ಎಂದು ನನ್ನ ಹೆಂಡತಿಯನ್ನು ಕೇಳಿದರು. ಆದರೆ ಗಡಿಗೆಗಳೇ ಬಂದಿರಲಿಲ್ಲ. ನಾನು ಬಾಗಿಲಿಗೂ ಮೇಜಿಗೂ ಓಡಾಡುತ್ತಿದ್ದೆ.

ಅಷ್ಟರಲ್ಲಿ ಬೀದಿಯಲ್ಲಿ ಹಲಗೆ ಬಾರಿಸುವ ಸದ್ದು ಕೇಳಿಸಿತು. ಯಾರದೋ ಮೆರವಣಿಗೆ ಎಂದುಕೊಂಡೆ. ಅದು ನಮ್ಮ ಮನೆಯ ಮುಂದೆಯೇ ನಿಂತಿತು. ಮುಂದೆ ಹಲಗೆಯವನು, ಹಿಂದೆ ಹೊಸ ರುಮಾಲಿನ ಹನುಮಂತಪ್ಪ, ಅವನ ಹಿಂದೆ ತಲೆಯ ಮೇಲೆ ಗಡಿಗೆ ಹೊತ್ತ ಈರಮ್ಮ, ಉಳಿದ ಗಡಿಗೆಗಳು ಬಂಡಿಯಲ್ಲಿ. ಎಲ್ಲಕ್ಕೂ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದಿತ್ತು, ಕೊರಳಿಗೆ ಅರಿಸಿನ ದಾರ. “ವಾದ್ಯ ನೀವು ಹೇಳಿರಲಿಲ್ಲ ನೋಡ್ರಿ, ನಾನ ನಮ್ಮೂರಾಂವನ್ನ ಕರಕೊಂಡು ಬಂದೀನಿ,” ಎಂದ ಹನುಮಂತಪ್ಪ.

ಅವು ಐರಾಣಿ ಗಡಿಗೆಗಳು. ನಮ್ಮ ಸೀಮೆಯಲ್ಲಿ ಮದುವೆ ನಿಶ್ಚಯವಾದ ಮೇಲೆ ಮನೆಯವರೇ ಹೋಗಿ ಕುಂಬಾರನ ಮನೆಯಿಂದ ವಾದ್ಯ ಸಮೇತ ತಂದು ದೇವರ ಮುಂದಿಟ್ಟು ಪೂಜೆ ಮಾಡುವಂಥವು. ಇಲ್ಲಿ ಹೆಣ್ಣು ನೋಡುವುದೇ ಇನ್ನೂ ಆಗಿರಲಿಲ್ಲ. ಹುಡುಗನ ಅಪ್ಪ ಎದ್ದು ನಿಂತರು. “ಇದೇನ್ರೀ ಗುಮಾಸ್ತರ, ಬ್ಯಾರೆ ಕಡೆ ಗೊತ್ತು ಮಾಡಿ ನಮ್ಮನ್ಯಾಕ ಕರಸೀರಿ?” ಎಂದರು. ಸೋದರತ್ತೆ, “ಬ್ಯಾರೆ ಕಡೆ ಅಲ್ಲಣ್ಣ, ನಮ್ಮ ಕೊರಳಿಗೇ ಕಟ್ಟಾಕ ಹೊಂಟಾರ,” ಎಂದರು. ನಾನು ಹನುಮಂತಪ್ಪನಿಗೆ, “ತಪ್ಪಾಗೇತಿ, ವಾಪಸ್ ಒಯ್ರಿ,” ಎಂದು ಪಿಸುಗುಟ್ಟಿದೆ. ಈರಮ್ಮ ಹೊಸಿಲಿನ ಹೊರಗೆ ನಿಂತಲ್ಲಿಂದಲೇ, “ಐರಾಣಿ ಬಾಗಲಿಗೆ ಬಂದು ತಿರುಗಿ ಹೋದ್ರ ಹುಡುಗಿಗೆ ಛಲೋದಲ್ರೀ ಯಪ್ಪಾ. ನಾ ಒಯ್ಯಾಂಗಿಲ್ಲ,” ಎಂದಳು. ಒಳಗೆ ತಂದರೆ ಗಂಡಿನವರು ಎದ್ದು ಹೋಗುತ್ತಾರೆ, ತರದಿದ್ದರೆ ತಂಗಿಗೆ ಅಪಶಕುನ. ಅವ್ವ ಆರತಿ ತಟ್ಟೆ ಹಿಡಿದು ಬೆಳಗಲೋ ಬಿಡಲೋ ತಿಳಿಯದೆ ನಿಂತಿದ್ದಳು. ನಾನು ಏನೋ ವಿವರಿಸಹೋದೆ, ಬಾಯಿಂದ ‘ಅದು ಏನಪ್ಪಾ ಅಂದ್ರೆ’ ಎಂಬುದಕ್ಕಿಂತ ಹೆಚ್ಚಿನದು ಹೊರಡಲಿಲ್ಲ.

ಆಗ ಶಾಂತಾ ಒಳಗಿಂದ ಬಂದಳು. ತಲೆ ತಗ್ಗಿಸಲಿಲ್ಲ. ನೇರವಾಗಿ ಹುಡುಗನಿಗೆ, “ಕುಂಬಾರ್ರು ಕೈಲೆ ಮಾಡಿದ ಪಾತ್ರಿ ಬೇಕಂತ ನೀವ ಬರದಿದ್ರಿ. ಬಂದಾವ. ಒಳಗ ತರಬೇಕೋ ಬ್ಯಾಡೋ ನೀವ ಹೇಳ್ರಿ,” ಎಂದಳು.

ಹಲಗೆಯವನೂ ಬಾರಿಸುವುದನ್ನು ನಿಲ್ಲಿಸಿದ. ಹುಡುಗ ಗಡಿಗೆಗಳನ್ನು ನೋಡಿದ, ಶಾಂತಾಳನ್ನು ನೋಡಿದ. ಅವನ ಕಿವಿ ಕೆಂಪಾಯಿತು. “ಬಿಸಿಲಾಗ ಬಾಳ ದೂರದಿಂದ ಹೊತ್ತು ತಂದಾರ,” ಎನ್ನುತ್ತ ಹೊರಗೆ ಹೋಗಿ, ಈರಮ್ಮನ ತಲೆಯ ಮೇಲಿನ ಗಡಿಗೆಯನ್ನು ತಾನೇ ಇಳಿಸಿಕೊಂಡು ಹೊಸಿಲು ದಾಟಿ ಒಳಗೆ ತಂದ. ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಮೇಲಿಟ್ಟ. ಹನುಮಂತಪ್ಪ ಉಳಿದವನ್ನೂ ಅದರ ಪಕ್ಕದಲ್ಲಿ ಸಾಲಾಗಿ ಇಟ್ಟ. ಅವ್ವ ಮೇಜಿಗೇ ಆರತಿ ಬೆಳಗಿದಳು. ಹುಡುಗನ ಅಪ್ಪ ನನ್ನನ್ನೊಮ್ಮೆ ಮಗನನ್ನೊಮ್ಮೆ ನೋಡಿ ಕೂತುಕೊಂಡರು. ಪೂಜೆಯಾದ ಗಡಿಗೆಯಲ್ಲಿ ಯಾರೂ ಉಣ್ಣುವಂತಿಲ್ಲ, ಅವನ್ನು ಕದಲಿಸುವಂತೆಯೂ ಇಲ್ಲ. ಕೊನೆಗೆ ನಾವೆಲ್ಲ ಆ ಮೇಜಿನ ಸುತ್ತ ನೆಲದ ಮೇಲೆ ಕೂತು ಹಿತ್ತಾಳೆ ತಟ್ಟೆಯಲ್ಲಿ ಹೋಳಿಗೆ ಉಂಡೆವು. ಸರಳ ಮನುಷ್ಯ ಐದು ಹೋಳಿಗೆ ತಿಂದ.

ದೀಪಾವಳಿ ಕಳೆದು ಮದುವೆಯಾಯಿತು. ಗುಮಾಸ್ತ ಬಹಳ ಚಾಣಾಕ್ಷ, ಐರಾಣಿ ತರಿಸಿ ಗಂಡನ್ನು ಕಟ್ಟಿಹಾಕಿದ ಎಂಬ ಹೆಸರು ಸಿರುಗುಪ್ಪದವರೆಗೂ ಹಬ್ಬಿತು. ಮೊದಮೊದಲು ಅಲ್ಲಗಳೆದೆ. ಎರಡು ವಾರವಾದ ಮೇಲೆ ಮೀಸೆಯ ಮೇಲೆ ಕೈಯಾಡಿಸಿಕೊಂಡು ಸುಮ್ಮನಿರತೊಡಗಿದೆ. ಶಾಂತಾ ಗಂಡನ ಮನೆಗೆ ಹೊರಟ ದಿನ ಸಾಮಾನು ಕಟ್ಟುತ್ತ, “ಅಣ್ಣಾ, ಆ ಮಂಗಳವಾರ ಈರಮ್ಮ ಬಸ್ ಕಂಡಕ್ಟರ್ ಕಡೆ ಕೇಳಿ ಕಳಿಸಿದ್ಳು. ಐರಾಣಿಗೇ ಅನ್ನೋದು ಖರೆ ಏನು, ಸುಣ್ಣ ಬಳೀಲೋ ಬ್ಯಾಡೋ ಅಂತ. ನೀ ಕಚೇರಿಗೆ ಹೋಗಿದ್ದಿ. ನಾನ ಬಳೀರಿ ಅಂದೆ,” ಎಂದಳು.  ಗಂಡಿನವರು ಎದ್ದು ಹೋಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿದೆ. “ಮೂರು ಮಂದಿ ಯಾಕ ಹೋದ್ರು ಅಂತ ಇವತ್ತಿಗೂ ಗೊತ್ತಿಲ್ಲ ನನಗ. ನಾಕನೇದವರು ಹೋದ್ರ ಯಾತಕ್ಕ ಹೋದ್ರು ಅನ್ನೋದಾದ್ರೂ ಗೊತ್ತಿರ್ತಿತ್ತು,” ಎಂದು ಅವಳು ಗಂಟು ಬಿಗಿದಳು. ನಗುತ್ತಿರಲಿಲ್ಲ.

ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿರುವವರು ಈಗಲೂ ನನ್ನ ಸಲಹೆ ಕೇಳಲು ಬರುತ್ತಾರೆ. ನಾನು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚನೆ ಮಾಡಿದಂತೆ ಕೂತು, ‘ನೋಡೋಣ’ ಎನ್ನುತ್ತೇನೆ. ಅವರು ಹೋದ ಮೇಲೆ ತಂಗಿಗೆ ಕಾಗದ ಬರೆದು, ಏನು ಹೇಳಲಿ ಎಂದು ಕೇಳುತ್ತೇನೆ.